ಬಸ್ಸು ವಾಲಿದ್ದಕ್ಕೆ ಚೌಡಿಗೆ ಇಟ್ಟ ದೂರು

ಇದನ್ನು ಬರೆಯಬೇಕೆಂದು ಕುಳಿತು ಎದ್ದುಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಮಳೆಗಾಲ ಮುಗಿಯಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಎಂದೆ. ಮೊಮ್ಮಗಳ ನಾಮಕರಣ ಆಗಲಿ ಎಂದೆ. ಎಲ್ಲವೂ ಆದವು. ಈಗ ಹೇಳಿಕೊಳ್ಳಲು ನನ್ನ ಹತ್ತಿರ ನೆಪ ಉಳಿದಿಲ್ಲ. ನಾನು ಹೈಸ್ಕೂಲು ಓದಿ ಸ್ಟೇರಿಂಗ್ ಹಿಡಿದವನು, ಬರವಣಿಗೆ ನನ್ನ ಕಸುಬಲ್ಲ. ಬಾಯಲ್ಲಿ ಹೇಳಬೇಕಾದದ್ದನ್ನು ಹೇಳಲಾರದೆ ಕೊನೆಗೆ ಕಾಗದದ ಮುಂದೆ ಕುಳಿತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಬೇರೆಯವರ ಬಸ್ಸು ಓಡಿಸಿಯೇ ನನ್ನ ಪ್ರಾಯ ಕಳೆದಿತ್ತು. ತಲೆ ಪೂರ್ತಿ ಬೆಳ್ಳಗಾಗುವ ಹೊತ್ತಿಗೆ ಸ್ವಂತಕ್ಕೆಂದು ಒಂದು ಹಳೆಯ ಟೂರಿಸ್ಟ್ ಬಸ್ಸು ಕೊಂಡೆ. ಮದುವೆ ದಿಬ್ಬಣ, ಹುಂಚದ ಯಾತ್ರೆ, ವರದಹಳ್ಳಿಗೆ ಹೋಗುವ ಭಜನೆಯವರು, ಶಾಲೆಯ ಪ್ರವಾಸ, ಹೀಗೆ ಬಾಡಿಗೆ ಸಿಗುತ್ತಿತ್ತು. ಏರ್ ಸಸ್ಪೆನ್ಷನ್ ಇದ್ದ ಬಸ್ಸು ಅದು. ನಾನು ಅಲ್ಲಿಯವರೆಗೆ ಓಡಿಸಿದ್ದೆಲ್ಲ ಉಕ್ಕಿನ ಬ್ಲೇಡುಗಳ ಮೇಲೆ ಕೂತ ಬಸ್ಸುಗಳು. ಇದರಲ್ಲಿ ಬ್ಲೇಡಿನ ಬದಲು ಗಾಳಿ ತುಂಬಿದ ದಪ್ಪ ರಬ್ಬರ್ ಚೀಲಗಳಿರುತ್ತವೆ, ನಮ್ಮ ಕಡೆ ಅವಕ್ಕೆ ಬಲೂನು ಎನ್ನುತ್ತಾರೆ. ಹಿಂದಿನ ಎರಡೂ ಬದಿಗೆ ಒಂದೊಂದು ವಾಲ್ವು, ವಾಲ್ವಿಗೊಂದು ಕಡ್ಡಿ. ಬಾಡಿ ಕೆಳಗಿಳಿದರೆ ಆ ಕಡ್ಡಿ ವಾಲ್ವು ತೆರೆದು ಬಲೂನಿಗೆ ಗಾಳಿ ತುಂಬಿಸಿ ಬಾಡಿಯನ್ನು ಎತ್ತುತ್ತದೆ, ಮೇಲೆದ್ದರೆ ಗಾಳಿ ಹೊರಗೆ ಹಾಕುತ್ತದೆ. ಎಂಜಿನ್ ನಡೆಯುವಾಗ ಸಣ್ಣ ಸೋರಿಕೆ ಇದ್ದರೂ ಗೊತ್ತಾಗುವುದಿಲ್ಲ, ಕಂಪ್ರೆಸರ್ ತುಂಬಿಸುತ್ತಲೇ ಇರುತ್ತದೆ. ಸೋರಿಕೆ ಕಾಣಬೇಕಾದರೆ ಬಸ್ಸು ಎಂಜಿನ್ ಆರಿಸಿ ನಿಂತಿರಬೇಕು.

ನಮ್ಮ ಮನೆ ಹೊಸನಗರದಿಂದ ಸ್ವಲ್ಪ ಹೊರಗೆ, ಮಣ್ಣಿನ ಓಣಿಯ ಕೊನೆಯಲ್ಲಿ. ಬೇಸಿಗೆಯಲ್ಲಿ ಬಸ್ಸನ್ನು ಮನೆಯ ಅಂಗಳದಲ್ಲೇ ನಿಲ್ಲಿಸುತ್ತಿದ್ದೆ. ಮಳೆ ಹಿಡಿಯಿತೆಂದರೆ ಓಣಿಯಲ್ಲಿ ಚಕ್ರ ಹೂತುಹೋಗುತ್ತದೆ, ಹಾಗಾಗಿ ಆ ತಿಂಗಳುಗಳಲ್ಲಿ ಪೇಟೆಯ ಅಂಚಿನ ಮೈದಾನದಲ್ಲಿ ಬಿಟ್ಟು ಬರುವುದು. ಮೈದಾನ ಸಮತಟ್ಟು, ಜಲ್ಲಿ ಹಾಕಿ ಗಟ್ಟಿ ಮಾಡಿದ್ದರು. ಅದರ ಮೂಲೆಯಲ್ಲಿ ಒಂದು ಪಂಕ್ಚರ್ ಅಂಗಡಿ. ನಡೆಸುತ್ತಿದ್ದವನು ತೀರ್ಥಹಳ್ಳಿ ಕಡೆಯವನು, ನನಗಿಂತ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಿದ್ದ. ಅಂಗಡಿಯ ಹಿಂದೆಯೇ ಒಂದು ಕೋಣೆ ಮಾಡಿಕೊಂಡು ಹೆಂಡತಿ, ಮಗಳ ಜೊತೆ ಇದ್ದ. ನಾನು ಬಸ್ಸು ತೆಗೆಯಲು ಬೆಳಿಗ್ಗೆ ಬೇಗ ಹೋದರೆ ಅವನ ಹೆಂಡತಿ ಕೇಳದೆಯೇ ಒಂದು ಲೋಟ ಚಾ ತಂದು ಬಂಪರಿನ ಮೇಲಿಟ್ಟು ಹೋಗುತ್ತಿದ್ದಳು. ಸಕ್ಕರೆ ಕಡಿಮೆ ಎಂದು ಒಮ್ಮೆ ಹೇಳಿದ್ದೆ, ಮರುದಿನದಿಂದ ಸರಿಯಾಗಿ ಇರುತ್ತಿತ್ತು.

ಬಸ್ಸು ಕೊಂಡ ಮೇಲೆ ಬಂದ ಮೊದಲ ಮಳೆಗಾಲದಲ್ಲೇ ಅದು ವಾಲತೊಡಗಿತು. ಸಂಜೆ ನೆಟ್ಟಗೆ ನಿಲ್ಲಿಸಿ ಹೋದ ಬಸ್ಸು ಬೆಳಿಗ್ಗೆ ಹಿಂದಿನ ಎಡಬದಿಗೆ ನಾಲ್ಕು ಬೆರಳಿನಷ್ಟು ಕುಸಿದಿರುತ್ತಿತ್ತು. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಎದ್ದು ಸಮವಾಗುತ್ತಿತ್ತು. ಆನಂದಪುರದ ಒಂದು ದಿಬ್ಬಣ ಹತ್ತಿಸಿಕೊಳ್ಳುವಾಗ ಹೆಣ್ಣಿನ ಸೋದರಮಾವ ಅದನ್ನು ನೋಡಿ, "ಎಂತ ಡ್ರೈವರಣ್ಣ, ಬಸ್ಸಿಗೂ ಸೊಂಟ ಹಿಡ್ಕಂಡಿದ್ಯಾ? ನಮ್ಮತ್ತೆನೂ ಬೆಳಿಗ್ಗೆ ಹಿಂಗೇ ಏಳೋದು" ಎಂದ. ದಿಬ್ಬಣದವರೆಲ್ಲ ನಕ್ಕರು. ಅತ್ತೆ ಎಂಬಾಕೆಯೂ ನಕ್ಕಳು. ನನಗೆ ಮಾತ್ರ ಮುಖಕ್ಕೆ ಹೊಡೆದಂತಾಯಿತು. ಜೀವನದಲ್ಲಿ ಮೊದಲ ಸಲ ನನ್ನದು ಎನ್ನುವ ಬಸ್ಸು, ಅದು ಜನರ ಮುಂದೆ ಕುಂಟುತ್ತಿತ್ತು.

ಎಂಜಿನ್ ನಡೆಯುತ್ತಿರುವಾಗಲೇ ಎಡಗಡೆಯ ಬಲೂನಿಗೆ ಸೋಪಿನ ನೀರು ಹಚ್ಚಿ ನೋಡಿದೆ. ಗುಳ್ಳೆ ಬರಲಿಲ್ಲ. ತೀರ್ಥಹಳ್ಳಿಯ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿಯೂ ಬಲೂನು ಚೆನ್ನಾಗಿದೆ ಎಂದ. ಒಂದು ದಿನ ಬಸ್ಸು ಇಲ್ಲೇ ಬಿಟ್ಟುಹೋಗಿ, ಸಂಜೆ ಚಕ್ರದ ಅಚ್ಚಿನಿಂದ ಬಸ್ಸಿನ ಚಾಸಿಗೆ ಎಷ್ಟು ಎತ್ತರ ಇದೆ ಅಂತ ಅಳತೆ ಹಿಡಿದು ಬೆಳಿಗ್ಗೆ ಮತ್ತೆ ಅಳೆದರೆ ಯಾವ ಬದಿ ಎಷ್ಟು ಇಳಿದಿದೆ ತಿಳಿಯುತ್ತದೆ, ಆಮೇಲೆ ಪೈಪಿನ ದಾರಿ ಹಿಡಿದು ಹುಡುಕಬಹುದು ಎಂದ. ನನಗೆ ಮರುದಿನ ಬಾಡಿಗೆ ಇತ್ತು, ಅದರ ಮರುದಿನವೂ ಇತ್ತು. ಕಣ್ಣಿಗೆ ಕಾಣುವುದನ್ನು ಅಳೆಯುವುದೇಕೆ ಎಂದುಕೊಂಡು ಬಸ್ಸು ತಿರುಗಿಸಿಕೊಂಡು ಬಂದೆ.

ಮಳೆ ನಿಂತು ಓಣಿ ಗಟ್ಟಿಯಾದ ಮೇಲೆ ಬಸ್ಸು ಮನೆಗೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ನೆಟ್ಟಗೆ ನಿಂತಿದೆ. ಮರುದಿನವೂ ಹಾಗೆಯೇ. ಬೇಸಿಗೆಯಿಡೀ ಒಂದು ದಿನವೂ ವಾಲಲಿಲ್ಲ. ಮತ್ತೆ ಮಳೆ ಬಂತು, ಮತ್ತೆ ಮೈದಾನ, ಮತ್ತೆ ಎಡಕ್ಕೆ ಕುಸಿತ. ನನ್ನ ತಲೆಯಲ್ಲಿ ಲೆಕ್ಕ ಕೂಡಿತು. ಮನೆಯಲ್ಲಿ ಸರಿ ಇರುವ ಬಸ್ಸು ಮೈದಾನದಲ್ಲಿ ಕುಸಿಯುತ್ತದೆ ಎಂದರೆ ದೋಷ ಬಸ್ಸಿನದ್ದಲ್ಲ, ಅಲ್ಲಿ ಯಾರೋ ಗಾಳಿ ಬಿಡುತ್ತಿದ್ದಾರೆ. ಕೆಳಗೆ ತೂರಿ ವಾಲ್ವಿನ ಕಡ್ಡಿ ಎಳೆದರೆ ಆ ಬದಿಯ ಗಾಳಿ ಹೋಗುತ್ತದೆ. ಅದು ಗೊತ್ತಿರುವುದು ಗಾಳಿಯ ಕೆಲಸ ಮಾಡುವವನಿಗೆ. ಹಿಂದಿನ ವಾರವಷ್ಟೇ ಪಂಕ್ಚರ್ ಅಂಗಡಿಯವನು, ಅಣ್ಣ, ಬಸ್ಸು ಸ್ವಲ್ಪ ಮುಂದೆ ಹಾಕಿದ್ರೆ ನಮ್ಮ ಬೋರ್ಡು ರಸ್ತೆಗೆ ಕಾಣ್ತದೆ ಎಂದಿದ್ದ. ನಾನು ಹಾಕಿರಲಿಲ್ಲ.

ಒಂದು ಬೆಳಿಗ್ಗೆ ಜಡಿಮಳೆಯಲ್ಲಿ ಕೊಡೆ ಹಿಡಿದು ಹೋದೆ. ಅವನು ಬಸ್ಸಿನ ಹಿಂದಿನ ಎಡ ಚಕ್ರದ ಹತ್ತಿರ ಮಂಡಿಯೂರಿ ಒಳಗೆ ಇಣುಕುತ್ತಿದ್ದ.

"ಏನು ಮಾಡ್ತಿದೀಯ ಅಲ್ಲಿ?" ಎಂದೆ.

ಅವನು ತಲೆ ಹೊರಗೆ ತೆಗೆದ. "ಸುಯ್ ಅಂತ ಸದ್ದು ಬರ್ತದಲ್ಲ ಅಣ್ಣ. ಎಲ್ಲಿಂದ ಅಂತ ನೋಡ್ತಿದ್ದೆ. ಬಲೂನಿಂದಲ್ಲ, ಇನ್ನೂ ಮೇಲಿಂದ."

"ನಿಂಗೆ ಮಾತ್ರ ಕೇಳಿಸ್ತದಾ ಸದ್ದು?"

ಅವನಿಗೆ ನನ್ನ ದನಿಯ ಅರ್ಥವಾಗಲಿಲ್ಲ. ಎಂಜಿನ್ ಬಂದ್ ಇದ್ದಾಗ ಬಗ್ಗಿ ಕೇಳಿ, ನಿಮಗೂ ಕೇಳ್ತದೆ ಎಂದ. ನಾನು ಬಗ್ಗಲಿಲ್ಲ. ಹತ್ತಿ ಸ್ಟಾರ್ಟ್ ಮಾಡಿ ಹೊರಟುಬಿಟ್ಟೆ. ಬಂಪರಿನ ಮೇಲಿದ್ದ ಚಾ ಲೋಟ ಕೆಳಗೆ ಬಿತ್ತು. ಕನ್ನಡಿಯಲ್ಲಿ ನೋಡಿದಾಗ ಅವನ ಹೆಂಡತಿ ಅದನ್ನು ಹೆಕ್ಕಿಕೊಳ್ಳುತ್ತಿದ್ದಳು.

ಮೈದಾನದಾಚೆ ದೊಡ್ಡ ಮರದ ಬುಡದಲ್ಲಿ ಊರು ಕಾಯುವ ದೇವತೆ ಚೌಡಿಯ ಕಲ್ಲು ಇದೆ. ನಮ್ಮಲ್ಲಿ ಏನಾದರೂ ಕಳುವಾದರೆ, ಯಾರಾದರೂ ಗಡಿಕಲ್ಲು ಕಿತ್ತರೆ, ಪೊಲೀಸರ ಹತ್ತಿರ ಹೋಗುವ ಮೊದಲು ಚೌಡಿಗೆ ದೂರು ಇಡುವುದುಂಟು. ಹೆಸರು ಹೇಳುವಂತಿಲ್ಲ. ಯಾರು ಮಾಡಿದರೋ ಅವರನ್ನು ನೀನೇ ನೋಡಿಕೋ ಎಂದು ನಾಲ್ಕು ಜನರ ಎದುರು ಹೇಳಿ ಬರಬೇಕು. ಇಟ್ಟ ದೂರನ್ನು ಇಟ್ಟವನೇ ತೆಗೆಯಬೇಕು, ಅದೂ ನಾಲ್ಕು ಜನರ ಎದುರೇ. ಅಲ್ಲಿಯವರೆಗೆ ದೂರು ನಿಂತಿರುತ್ತದೆ, ಮಾಡಿದವನ ಮನೆಯವರ ಮೇಲೂ ನಿಂತಿರುತ್ತದೆ ಎನ್ನುವುದು ನಂಬಿಕೆ. ನಾನು ಊರಿನ ಇಬ್ಬರು ಹಿರಿಯರನ್ನು, ಬಸ್ ಸ್ಟ್ಯಾಂಡಿನ ಇಬ್ಬರನ್ನು ಕರೆದುಕೊಂಡು ಹೋಗಿ ಹೇಳಿದೆ. "ನನ್ನ ಬಸ್ಸಿನ ಗಾಳಿ ಬಿಡೋ ಕೈ ಯಾವುದೋ, ಅದನ್ನ ನೀನೇ ನೋಡ್ಕೋ ತಾಯಿ." ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಗಾಳಿ ಎಂದರೆ ಆ ಮೈದಾನದಲ್ಲಿ ಒಬ್ಬನೇ.

ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಯಿತು. ಅವನು ಮನೆಗೆ ಬಂದ. ಜಗಲಿ ಹತ್ತಲಿಲ್ಲ, ಮೆಟ್ಟಿಲ ಕೆಳಗೇ ನಿಂತು, ನನ್ನ ಮೇಲೆ ದೂರು ಇಟ್ರಂತೆ ಹೌದಾ ಅಣ್ಣ ಎಂದು ಕೇಳಿದ. ನಾನು ಯಾರ ಹೆಸರೂ ಹೇಳಿಲ್ಲ, ನೀನು ಮಾಡಿಲ್ಲದಿದ್ದರೆ ನಿನಗೇನು ಹೆದರಿಕೆ ಎಂದೆ. ಅವನು ಬಂದ ಓಣಿಯಲ್ಲೇ ತಿರುಗಿ ಹೋದ. ಆ ಮಾತು ಎಷ್ಟು ಚೆನ್ನಾಗಿ ಆಡಿದೆ ಎಂದು ಆ ದಿನ ನನಗೆ ಹೆಮ್ಮೆಯಾಗಿತ್ತು.

ಬಸ್ಸನ್ನು ಪೆಟ್ರೋಲ್ ಬಂಕಿನ ಪಕ್ಕದ ಇಳಿಜಾರಿನಲ್ಲಿ ನಿಲ್ಲಿಸತೊಡಗಿದೆ. ಅಲ್ಲಿ ಅದು ವಾಲಿದಂತೆ ಕಾಣಲಿಲ್ಲ. ಅವನೇ ಮಾಡಿದ್ದೆಂದು ನಂಬಲು ಊರವರಿಗೆ ಅಷ್ಟು ಸಾಕಾಯಿತು. ಅವನ ಅಂಗಡಿಗೆ ಬರುತ್ತಿದ್ದ ಜೀಪಿನವರು, ಆಟೋದವರು, ಬೈಕಿನ ಹುಡುಗರು ಒಬ್ಬೊಬ್ಬರಾಗಿ ಬಿಟ್ಟರು. ದೂರು ಬಿದ್ದವನ ಕೈ ತಮ್ಮ ಗಾಡಿಗೆ ತಾಗುವುದು ಯಾರಿಗೂ ಬೇಕಿರಲಿಲ್ಲ. ಉಳಿದವರು ಹೊರಗಿನ ಲಾರಿಯವರು. ಲಾರಿ ಚಕ್ರದ ರಿಮ್ಮಿಗೆ ಕಬ್ಬಿಣದ ಬಳೆ ಇರುತ್ತದೆ, ಗಾಳಿ ತುಂಬುವಾಗ ಅದು ಸರಿಯಾಗಿ ಕೂರದಿದ್ದರೆ ಗುಂಡಿನಂತೆ ಹಾರುತ್ತದೆ. ಅಂಥ ಹಳೆಯ ರಿಮ್ಮುಗಳನ್ನು ಅವನು ಮೊದಲೆಲ್ಲ ಮುಟ್ಟದೆ ಸಾಗರಕ್ಕೆ ಕಳಿಸುತ್ತಿದ್ದ. ಈಗ ಬಂದದ್ದನ್ನೆಲ್ಲ ತೆಗೆದುಕೊಳ್ಳುವಂತಾಯಿತು.

ನಾನು ಯಾತ್ರೆಯವರನ್ನು ಕರೆದುಕೊಂಡು ಹುಂಚದಲ್ಲಿದ್ದೆ. ದೂರು ಇಡಲು ಜೊತೆಗೆ ಬಂದಿದ್ದ ಬಸ್ ಸ್ಟ್ಯಾಂಡಿನವನೊಬ್ಬ ಮೊಬೈಲಿಗೆ ಫೋನು ಮಾಡಿದ. ಬಳೆ ಹಾರಿ ಅವನ ಬಲಗೈ ಜಜ್ಜಿಹೋಗಿದೆ, ಶಿವಮೊಗ್ಗಕ್ಕೆ ಒಯ್ದಿದ್ದಾರೆ, ಬೆರಳು ಉಳಿಯುವುದಿಲ್ಲವಂತೆ ಎಂದ. ಅವನ ದನಿಯಲ್ಲಿ ಭಯಭಕ್ತಿ ಇತ್ತು. "ಕೈ ಅಂತಲೇ ಹೇಳಿದ್ರಲ್ಲ ನೀವು. ಚೌಡಿ ಕೈಯನ್ನೇ ತಗಂಡ್ಲು ಮಾರಾಯ್ರೆ."

ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಉಪಯೋಗವಿಲ್ಲ. ಆ ಕ್ಷಣ ನನಗೆ ಅಯ್ಯೋ ಎನಿಸಲಿಲ್ಲ. ಗೆದ್ದೆ ಎನಿಸಿತು. ಊರಿಗೆ ಬಂದವನೇ ಸ್ನಾನ ಮಾಡಿ, ಹೋಗಿ ಚೌಡಿಗೆ ಹಣ್ಣುಕಾಯಿ ಮಾಡಿಸಿದೆ. ಒಬ್ಬ ಮನುಷ್ಯನ ಬೆರಳುಗಳು ಹೋದದ್ದಕ್ಕೆ ನಾನು ಕೈಮುಗಿದು ಉಪಕಾರ ಹೇಳಿ ಪ್ರಸಾದ ತಂದು ಮನೆಯಲ್ಲಿ ಹಂಚಿದೆ. ಹೆಂಡತಿ ಪ್ರಸಾದ ತೆಗೆದುಕೊಂಡಳು, ಬಾಯಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಚಿಕ್ಕ ಮಗಳ ಮದುವೆ ನಿಶ್ಚಯವಾಯಿತು. ಮನೆಯ ಮುಂದೆಯೇ ಚಪ್ಪರ ಎಂದು ಅಂಗಳಕ್ಕೆ ಕಾಂಕ್ರೀಟು ಹಾಕಿಸಿದೆ. ಕೆಲಸಕ್ಕೆ ಬಂದ ಗಾರೆಯವನು ನೀರಿನ ಟ್ಯೂಬು ಹಿಡಿದು ಮಟ್ಟ ನೋಡಿ, "ಏನ್ರೀ ಇದು, ಒಂದು ಬದಿಗೆ ಇಷ್ಟು ಇಳಿದಿದೆ" ಎಂದ. ನಮ್ಮ ಊರಲ್ಲಿ ಅಂಗಳ ಎಂದರೆ ಹಾಗೆಯೇ, ಮಳೆನೀರು ನಿಲ್ಲದೆ ಹರಿದುಹೋಗಲಿ ಎಂದು ಅಜ್ಜನ ಕಾಲದಲ್ಲೇ ವಾಟ ಕೊಟ್ಟು ಮಾಡಿರುತ್ತಾರೆ. ಹುಟ್ಟಿದಾಗಿನಿಂದ ಓಡಾಡಿದ ನೆಲ ಯಾರಿಗೂ ಓರೆಯಾಗಿ ಕಾಣುವುದಿಲ್ಲ. ಗಾರೆಯವನು ತಗ್ಗಿನ ಬದಿಗೆ ಮಣ್ಣು ತುಂಬಿ ಸಮ ಮಾಡಿದ. ಕಾಂಕ್ರೀಟು ಗಟ್ಟಿಯಾದ ಮೇಲೆ ಬಸ್ಸನ್ನು ಮೊದಲಿನ ಜಾಗದಲ್ಲೇ ತಂದು ನಿಲ್ಲಿಸಿದೆ.

ಬೆಳಿಗ್ಗೆ ಹೆಂಡತಿ ಅಂಗಳಕ್ಕೆ ಹೋದವಳು ಬಾಗಿಲಲ್ಲಿ ಬಂದು ನಿಂತಳು. "ಬಸ್ಸು ಎಡಕ್ಕೆ ವಾಲಿದೆ, ಬಂದು ನೋಡಿ. ಇಲ್ಲಿಗೂ ಬಂದಿದ್ನಾ ಅವ್ನು, ಆ ಕೈ ಇಟ್ಕಂಡು?"

ಹೊರಗೆ ಹೋಗುವ ಮೊದಲೇ ನನಗೆ ಎಲ್ಲ ಅರ್ಥವಾಗಿತ್ತು. ನಮ್ಮ ಅಂಗಳ ಬಸ್ಸು ನಿಲ್ಲುತ್ತಿದ್ದ ದಿಕ್ಕಿಗೆ ಬಲಕ್ಕೆ ಇಳಿಜಾರಿತ್ತು. ಇಷ್ಟು ದಿನ ಇಲ್ಲಿಯೂ ಬಸ್ಸಿನ ಎಡಬದಿ ದಿನವೂ ಕುಸಿಯುತ್ತಿತ್ತು. ನೆಲ ಬಲಕ್ಕೆ ತಗ್ಗಿದ್ದರಿಂದ, ಎಡಬದಿ ಇಳಿದಾಗ ಅದು ನನ್ನ ಕಣ್ಣಿಗೆ ನೆಟ್ಟಗೆ ಕಾಣುತ್ತಿತ್ತು. ಸಂಜೆ ನಿಲ್ಲಿಸುವಾಗ ಅದು ಬಲಕ್ಕೆ ವಾಲಿರುತ್ತಿದ್ದುದನ್ನು ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಪೆಟ್ರೋಲ್ ಬಂಕಿನ ಪಕ್ಕದ ನೆಲವೂ ಹಾಗೆಯೇ ಬಲಕ್ಕೆ ಇಳಿದದ್ದು. ಸರಿಯಾದ ನೆಲ ಇದ್ದದ್ದು ಮೈದಾನದಲ್ಲಿ ಮಾತ್ರ, ಅಲ್ಲಿ ಕಂಡದ್ದೇ ನಿಜ.

ಎಂಜಿನ್ ಆರಿಯೇ ಇತ್ತು. ಚಕ್ರಗಳಿಗೆ ಕಲ್ಲು ಕೊಟ್ಟು, ಬಾಡಿ ಕೆಳಗೆ ಕೂರದಂತೆ ಚಾಸಿಗೆ ಮರದ ದಿಮ್ಮಿ ಇಟ್ಟು ಕೆಳಗೆ ತೂರಿದೆ. ಬೇರೆ ಏನೂ ಮಾಡಬೇಕಾಗಲಿಲ್ಲ, ಸುಮ್ಮನೆ ಮಲಗಿದೆ. ಸುಯ್ ಎಂಬ ಸದ್ದು ಕೇಳಿಸಿತು. ಬಲೂನಿನಿಂದಲ್ಲ, ಇನ್ನೂ ಮೇಲಿಂದ. ವಾಲ್ವಿನಿಂದ ಬಲೂನಿಗೆ ಹೋಗುವ ಪೈಪು ಚಾಸಿಯ ಅಡ್ಡಪಟ್ಟಿಯ ಮೇಲೆ ಹಾಯುವ ಕಡೆ ಕ್ಲಿಪ್ಪು ಬಿಟ್ಟುಹೋಗಿ, ಉಜ್ಜಿ ಉಜ್ಜಿ ಸೂಜಿಮೊನೆಯಷ್ಟು ತೂತಾಗಿತ್ತು. ಸೋಪಿನ ನೀರು ಬಿಟ್ಟಾಗ ಗುಳ್ಳೆ ಎದ್ದಿತು. ತೀರ್ಥಹಳ್ಳಿಯಿಂದ ಒಂದು ಗೇಣು ಪೈಪು ತಂದು ಜೋಡಿಸಿದೆ. ಮತ್ತೆ ಎಂದೂ ಆ ಬಸ್ಸು ವಾಲಲಿಲ್ಲ.

ಹೆಂಡತಿ ಇವತ್ತೇ ಹೋಗಿ ಹೇಳಿ ಬನ್ನಿ ಎಂದಳು. ಮದುವೆ ಮುಗಿಯಲಿ ಎಂದೆ. ದೂರು ತೆಗೆಯಬೇಕಾದರೆ ನಾಲ್ಕು ಜನರ ಎದುರು ಕಾರಣ ಹೇಳಬೇಕು, ಬೀಗರ ಕಿವಿಗೆ ಬಿದ್ದರೆ ಏನೆಂದಾರು ಎಂದೆ. ಮದುವೆ ಮುಗಿಯಿತು. ಅಷ್ಟರಲ್ಲಿ ಅವನು ಅಂಗಡಿ ಖಾಲಿ ಮಾಡಿ ಸಾಗರಕ್ಕೆ ಹೋಗಿದ್ದ. ನಾನೊಬ್ಬನೇ ಚೌಡಿಯ ಮುಂದೆ ನಿಂತು ಬಾಯೊಳಗೇ ಏನೋ ಅಂದು ಬಂದೆ. ಅದು ದೂರು ತೆಗೆದಂತಲ್ಲ ಎಂದು ನನಗೆ ಗೊತ್ತಿತ್ತು.

ಒಂದೆರಡು ವರ್ಷದ ನಂತರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಅವನೇ ನನ್ನನ್ನು ನೋಡಿ ಹತ್ತಿರ ಬಂದ. ಯಾವುದೋ ಗೋಡೌನಿನಲ್ಲಿ ಕಾವಲು ಕೆಲಸ ಎಂದ. ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ. ನನ್ನ ಆರೋಗ್ಯ ಕೇಳಿದ, ಮಕ್ಕಳನ್ನು ಕೇಳಿದ. ಆಮೇಲೆ ದನಿ ತಗ್ಗಿಸಿ ಹೇಳಿದ.

"ತಪ್ಪುಕಾಣಿಕೆ ಹಾಕಿ ಬಂದಿದೀನಿ ಅಣ್ಣ, ಚೌಡಿಗೆ. ನಿಮ್ಮ ಬಸ್ಸು ಮುಟ್ಟಿಲ್ಲ ನಾನು, ದೇವರಾಣೆ. ಆದ್ರೆ ಸುಮ್ಮಸುಮ್ಮನೆ ಕೈ ಹೋಗ್ತದಾ? ಮತ್ತೆಲ್ಲೋ ಏನೋ ಮಾಡಿರ್ಬೇಕು ನಾನು. ನೆನಪಾಗ್ತಿಲ್ಲ ಅಷ್ಟೆ." ಟವೆಲು ಸರಿಪಡಿಸಿಕೊಂಡು ಕೇಳಿದ, "ಈಗ ಸಮ ನಿಲ್ತದಾ ಬಸ್ಸು?"

"ನಿಲ್ತದೆ" ಎಂದೆ.

ಅಷ್ಟೇ ಹೇಳಿದ್ದು. ಹೊಸನಗರದ ಬಸ್ಸು ಬಂತು, ಹತ್ತಿ ಕುಳಿತೆ. ಅವನು ಎಡಗೈ ಎತ್ತಿದ. ಆಮೇಲೆ ಅವನನ್ನು ನೋಡಲಿಲ್ಲ. ಅದಾದ ಮೂರನೇ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡನೆಂದು ಕೇಳಿದೆ. ತಾನು ಏನು ತಪ್ಪು ಮಾಡಿದೆ ಎಂದು ಹುಡುಕುತ್ತಲೇ ಹೋದ. ಬಸ್ಸು ಮಾರಿಬಿಟ್ಟೆ. ಮಾರಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ.

ಅವನು ಸತ್ತ ಮೇಲೂ ಅವನ ಹೆಂಡತಿ ವರ್ಷಕ್ಕೊಮ್ಮೆ ಸಾಗರದಿಂದ ಬಸ್ಸಿನಲ್ಲಿ ಬಂದು ಚೌಡಿಗೆ ತಪ್ಪುಕಾಣಿಕೆ ಹಾಕಿ ಹೋಗುತ್ತಾಳೆ. ನಾನು ದೂರದಿಂದ ಕಂಡು ಬೇರೆ ದಾರಿ ಹಿಡಿಯುತ್ತಿದ್ದೆ. ಈ ವರ್ಷ ತಪ್ಪಿಸಿಕೊಳ್ಳಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿದ್ದೆ, ಎದುರಿಗೇ ಬಂದು ನಿಂತಳು. ಕೂದಲೆಲ್ಲ ನೆರೆತಿತ್ತು. ಮೊದಲು ಮಂಡಿನೋವು, ಮಳೆ, ಬಸ್ಸಿನ ರಶ್ಶು ಎಂದು ಏನೇನೋ ಮಾತಾಡಿದಳು. ಆಮೇಲೆ ಮಗಳ ವಿಷಯ ಬಂತು. ಮಗಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲವಂತೆ, ಈಗ ಮತ್ತೆ ಮೂರು ತಿಂಗಳಂತೆ.

"ದೂರು ಇಟ್ಟೋರು ನೀವು ಅಣ್ಣ. ಅವ್ರು ಏನು ಮಾಡಿದ್ರೋ, ಅನುಭವಿಸಿ ಹೋದ್ರು. ತಪ್ಪು ನಮ್ದೇ ಅಂತ ಒಪ್ಕಂಡೇ ಕೇಳ್ತಿದೀನಿ. ನಾಲ್ಕು ಜನರ ಮುಂದೆ ಸಾಕು ಅಂತ ಒಂದು ಮಾತು ಹೇಳ್ತೀರಾ? ಮಗಳಿಗಾದ್ರೂ ಬಿಟ್ಟುಹೋಗ್ಲಿ."

ಅವಳು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಳು. ಸಾಕು ಎಂದರೆ ಅವನನ್ನು ನಾನು ಕ್ಷಮಿಸಿದಂತೆ, ಅಂದರೆ ಸತ್ತವನ ತಲೆಗೆ ಮತ್ತೊಮ್ಮೆ ಅದೇ ತಪ್ಪು ಕಟ್ಟಿದಂತೆ. ನಿಜ ಹೇಳಿದರೆ ಅವನ ಕೈ, ಅಂಗಡಿ, ಇಷ್ಟು ವರ್ಷದ ಅವಳ ಓಡಾಟ, ಯಾವುದಕ್ಕೂ ಕಾರಣವೇ ಇರಲಿಲ್ಲ ಎಂದು ಹೇಳಿದಂತೆ. ಹೀಗೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ಆ ಹೊತ್ತಿನಲ್ಲಿ ನನಗಿದ್ದದ್ದು ಹೆದರಿಕೆ ಮಾತ್ರ. ಪಕ್ಕದಲ್ಲಿ ಪರಿಚಯದವರು ಕುಳಿತಿದ್ದರು.

"ನೋಡನ ತಂಗಿ" ಎಂದೆ. "ಹಬ್ಬ ಕಳೀಲಿ."

ಅವಳು ಎರಡೂ ಕೈ ಜೋಡಿಸಿದಳು. ಸಾಗರದ ಬಸ್ಸು ಬಂದಾಗ ಕಷ್ಟಪಟ್ಟು ಮೆಟ್ಟಿಲು ಹತ್ತಿ, ಕಿಟಕಿಯಿಂದ, ಮರೀಬೇಡಿ ಅಣ್ಣ ಎಂದಳು.

ಹಬ್ಬ ಕಳೆದು ಬಹಳ ದಿನವಾಯಿತು, ದೂರು ಇನ್ನೂ ನಿಂತೇ ಇದೆ. ಮಗಳಿಗೆ ಈಗ ತಿಂಗಳು ತುಂಬುತ್ತಿರಬೇಕು. ಹೆಂಡತಿಗೆ ಹೇಳಿದ್ದೇನೆ, ಮಕ್ಕಳಿಗೆ ಹೇಳಿದ್ದೇನೆ, ಚೌಡಿಯ ಕಲ್ಲಿಗೆ ಹೇಳಿದ್ದೇನೆ. ನಾನು ತಪ್ಪಾಯಿತು ಎಂದು ಹೇಳದೆ ಉಳಿದಿರುವುದು ಒಬ್ಬಳಿಗೆ. ಅವಳು ಮೈದಾನದ ಪಂಕ್ಚರ್ ಅಂಗಡಿಯವನ ಹೆಂಡತಿ, ಈಗ ಸಾಗರದಲ್ಲಿ ಮಗಳ ಮನೆಯಲ್ಲಿದ್ದಾಳೆ.